ಹಳಸಿದ ಅನ್ನಕ್ಕೆ ಕಾದವರು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಸ್ಥಾವರ) ನೋಡಿಕೊಳ್ಳುವ ಆಪರೇಟರುಗಳು ದಿನಾ ಮಾಡುವ ಪರೀಕ್ಷೆಯೊಂದಿದೆ. ಗಾಳಿ ಊದುವ ಏರೇಶನ್ ಟ್ಯಾಂಕಿನಿಂದ ಒಂದು ಲೀಟರ್ ಕಂದು ನೀರನ್ನು ಅಳತೆಯ ಗಾಜಿನ ಜಾಡಿಗೆ ತುಂಬಿ, ಅಲುಗಾಡದ ಕಡೆ ಅರ್ಧ ಗಂಟೆ ಇಡುತ್ತಾರೆ. ಮೊದಲ ಒಂದೆರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಆ ಕಂದು ಬಣ್ಣ ಚೂರುಚೂರಾಗಿ ಒಡೆಯುತ್ತದೆ. ಚೂರುಗಳು ಒಂದಕ್ಕೊಂದು ಅಂಟಿಕೊಂಡು ಕೆಳಗಿಳಿಯುತ್ತವೆ, ಮೇಲೆ ತಿಳಿನೀರಿನ ಪಟ್ಟಿ ಕಾಣಿಸಿಕೊಂಡು ಅಗಲವಾಗುತ್ತ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಸ್ಲಡ್ಜ್ ಎಂಬ ಈ ಕೆಸರು 300 ಮಿಲಿಲೀಟರ್ ಗೆರೆಯ ಆಸುಪಾಸಿಗೆ ಬಂದು ಕುಳಿತರೆ ಎಲ್ಲ ಸರಿಯಾಗಿದೆ ಎಂದು ಲಾಗ್‌ಬುಕ್ಕಿನಲ್ಲಿ ಬರೆದು ಜಾಡಿ ತೊಳೆದಿಡುತ್ತಾರೆ.

ತೊಳೆಯದೆ ಅದನ್ನು ಇನ್ನೊಂದೆರಡು ಗಂಟೆ ಹಾಗೆಯೇ ಬಿಟ್ಟರೆ, ಎಷ್ಟೋ ಸ್ಥಾವರಗಳಲ್ಲಿ ಇನ್ನೊಂದು ಸಂಗತಿ ನೋಡಸಿಗುತ್ತದೆ. ತಳದಲ್ಲಿ ಕುಳಿತ ಸ್ಲಡ್ಜಿನೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಗಟ್ಟಿ ಪದರ ಅಲ್ಲಲ್ಲಿ ಬಿರಿಯುತ್ತದೆ. ಬಿರಿದ ತುಂಡುಗಳು ಮುದ್ದೆಮುದ್ದೆಯಾಗಿ ಮೇಲೆದ್ದು ತೇಲುತ್ತವೆ. ಕಡ್ಡಿ ಹಾಕಿ ಕಲಕಿದರೆ ಗುಳ್ಳೆಗಳನ್ನು ಬಿಟ್ಟುಕೊಟ್ಟು ಮತ್ತೆ ಮುಳುಗುತ್ತವೆ. ಆಪರೇಟರಿಗೆ ಇದು ತಲೆನೋವಿನ ದೃಶ್ಯ. ಇದೇ ಕೆಲಸ ಸೆಟ್ಲಿಂಗ್ ಟ್ಯಾಂಕಿನಲ್ಲಿ ನಡೆದರೆ, ತೇಲಿದ ಸ್ಲಡ್ಜ್ ಶುದ್ಧವಾದ ನೀರಿನ ಜೊತೆಗೇ ಹೊರಗೆ ಹರಿದುಬಿಡುತ್ತದೆ.

ಆ ಗುಳ್ಳೆಗಳಲ್ಲಿ ಇರುವುದು ಸಾರಜನಕ, ನಾವು ಉಸಿರಾಡುವ ಗಾಳಿಯ ಶೇ. 78ರಷ್ಟಿರುವ ಅದೇ ನಿರಪಾಯದ ಅನಿಲ. ಕೆಲವು ಗಂಟೆಗಳ ಹಿಂದೆ ಅದು ಇನ್ನೂರು ಮನೆಗಳ ಮೂತ್ರದಲ್ಲಿ ಕರಗಿದ ಯೂರಿಯಾ ಆಗಿತ್ತು. ಕೊಳಚೆಯ ಸಾರಜನಕವನ್ನು ಗಾಳಿಗೆ ಮರಳಿಸುವ ಕೆಲಸವನ್ನು ಸೂಕ್ಷ್ಮಜೀವಿಗಳು ಯಾರೂ ಹೇಳದೆಯೇ ಮಾಡುತ್ತಿವೆ ಎಂಬುದಕ್ಕೆ ಈ ಜಾಡಿಯೇ ಸಾಕ್ಷಿ. ತೊಂದರೆ ಏನೆಂದರೆ ಅವು ಅದನ್ನು ಬೇಕಾದ ಕಡೆ ಮಾಡುತ್ತಿಲ್ಲ, ಬೇಕಾದಷ್ಟು ಬೇಗ ಮಾಡುತ್ತಿಲ್ಲ. ಕಾರಣ ಹಸಿವು. ಆ ಹಸಿವಿಗೆ ಬೇಕಾದ ಆಹಾರ ಅದೇ ಕಟ್ಟಡದ ಬೇಸ್‌ಮೆಂಟಿನಲ್ಲಿ, ಹೆಚ್ಚೆಂದರೆ ಒಂದು ಗೋಡೆಯ ಆಚೆ, ಹಸಿರು ಡಬ್ಬಗಳಲ್ಲಿ ಕೊಳೆಯುತ್ತಿರುತ್ತದೆ. ಈ ಅಧ್ಯಾಯ ಆ ಗೋಡೆಯ ಬಗ್ಗೆ.

ಕೊಳಚೆಯನ್ನು ಶುದ್ಧ ಮಾಡುವುದು ಜೀವಿಗಳೇ ಎಂದು ಮೊದಲು ಖಚಿತವಾದದ್ದು 1877ರಲ್ಲಿ, ಫ್ರಾನ್ಸಿನಲ್ಲಿ. ಥಿಯೊಫಿಲ್ ಶ್ಲೋಸಿಂಗ್ ಮತ್ತು ಅಕಿಲ್ ಮ್ಯೂಂಟ್ಜ್ ಎಂಬ ರಸಾಯನ ವಿಜ್ಞಾನಿಗಳು ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿದ ಉದ್ದನೆಯ ಕೊಳವೆಯೊಳಗೆ ಚರಂಡಿ ನೀರನ್ನು ತೊಟ್ಟುತೊಟ್ಟಾಗಿ ಹಾಯಿಸಿದರು. ಸುಮಾರು ಇಪ್ಪತ್ತು ದಿನ ಒಳಗೆ ಹೋದ ಅಮೋನಿಯಾ ಹಾಗೆಯೇ ಹೊರಬಂತು. ಆಮೇಲೆ ಇದ್ದಕ್ಕಿದ್ದಂತೆ ಅದರ ಬದಲು ನೈಟ್ರೇಟ್ ಬರತೊಡಗಿತು. ಬರೀ ರಸಾಯನ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯಬೇಕಿರಲಿಲ್ಲ. ಅವರು ಕೊಳವೆಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದರು, ನೈಟ್ರೇಟ್ ನಿಂತಿತು. ಕ್ಲೋರೋಫಾರ್ಮ್ ಹೋದ ಮೇಲೂ ಅದು ಮರಳಲಿಲ್ಲ. ತೋಟದ ಮಣ್ಣು ಕದಡಿದ ಒಂದಿಷ್ಟು ನೀರನ್ನು ಸುರಿದ ಮೇಲೆ ಕೆಲವು ದಿನಗಳಲ್ಲಿ ನೈಟ್ರೇಟ್ ಮತ್ತೆ ಶುರುವಾಯಿತು. ಪ್ರಜ್ಞೆ ತಪ್ಪಿಸುವ ಆವಿಗೆ ಸುಮ್ಮನಾಗಿ ಮಣ್ಣಿನಿಂದ ಮರುಹುಟ್ಟು ಪಡೆಯುವ ವಸ್ತು ಜೀವಿಯಲ್ಲದೆ ಮತ್ತೇನು? ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಸತ್ಯ ಹೇಳಿದ ಪ್ರಯೋಗಗಳು ವಿಜ್ಞಾನದಲ್ಲಿ ವಿರಳ.

ಆ ಜೀವಿಗಳನ್ನು ಕೂಡಿಟ್ಟು ದುಡಿಸುವ ಉಪಾಯ ಸಿಕ್ಕಿದ್ದು ಮ್ಯಾಂಚೆಸ್ಟರಿನಲ್ಲಿ. ಅಲ್ಲಿನ ಡೇವಿಹ್ಯೂಮ್ ಕೊಳಚೆ ಸ್ಥಾವರದಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಬಾಟಲಿಯೊಂದರಲ್ಲಿ ಕೊಳಚೆ ತುಂಬಿ ಗಾಳಿ ಊದಿದರು. ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಐದು ವಾರ ಹಿಡಿಯಿತು. ಬೇರೆಯವರಾಗಿದ್ದರೆ ಬಾಟಲಿ ತೊಳೆಯುತ್ತಿದ್ದರೇನೋ. ಇವರು ತಿಳಿನೀರನ್ನಷ್ಟೇ ಬಸಿದು, ತಳದ ಕೆಸರನ್ನು ಉಳಿಸಿಕೊಂಡು ಹೊಸ ಕೊಳಚೆ ಸುರಿದರು. ಪ್ರತಿ ಸಲವೂ ಹೀಗೇ ಮಾಡುತ್ತ ಹೋದಂತೆ ಕಾಲ ಕಡಿಮೆಯಾಗುತ್ತ ಬಂದು, ಕೊನೆಗೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1914ರ ಏಪ್ರಿಲ್‌ನಲ್ಲಿ ಅವರು ಓದಿದ ಪ್ರಬಂಧದಿಂದ ಹುಟ್ಟಿದ ವಿಧಾನವೇ ಇಂದಿಗೂ ಜಗತ್ತಿನ ಬಹುಪಾಲು ನಗರಗಳ ಕೊಳಚೆಯನ್ನು ತಿಳಿಮಾಡುತ್ತಿದೆ. ಅವರ ಬೆನ್ನಿಗಿದ್ದವರು ಗಿಲ್ಬರ್ಟ್ ಫೌಲರ್. 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಗಾಳಿ ಊದುವ ಪ್ರಯೋಗಗಳನ್ನು ಕಂಡುಬಂದು, ಇದನ್ನು ಮಾಡಿ ನೋಡಿ ಎಂದು ಹೇಳಿದವರು ಅವರೇ. ಅದೇ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ತೀರಿಕೊಂಡದ್ದೂ ಇದೇ ಊರಿನಲ್ಲಿ, 1953ರಲ್ಲಿ. ಇಂದು ಊರಿನ ಸಾವಿರಾರು ಬೇಸ್‌ಮೆಂಟುಗಳಲ್ಲಿ ಗುಡುಗುತ್ತಿರುವ ಬ್ಲೋವರುಗಳ ಹಿಂದೆ ಇಂಥದೊಂದು ಬೆಂಗಳೂರಿನ ನಂಟಿದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಗೊತ್ತಾಗಬೇಕು.

ಆರ್ಡರ್ನ್ ಮತ್ತು ಲಾಕೆಟ್ ಪಾಲಿಗೆ ನೈಟ್ರೇಟ್ ಕಾಣಿಸಿತು ಎಂದರೆ ಕೆಲಸ ಮುಗಿಯಿತು ಎಂದರ್ಥ. ನಮಗೆ ಅಲ್ಲಿಂದಲೇ ತೊಂದರೆ ಶುರು. ನೀರು ತಿಳಿಯಾಗಿದೆ, ವಾಸನೆ ಹೋಗಿದೆ, ಆದರೆ ಸಾರಜನಕ ಎಲ್ಲೂ ಹೋಗಿಲ್ಲ. ಒಳಗೆ ಅಮೋನಿಯಾ ಆಗಿ ಬಂದದ್ದು ನೈಟ್ರೇಟ್ ಎಂಬ ಹೆಸರಿನಲ್ಲಿ ಹೊರಗೆ ಹೋಗುತ್ತಿದೆ. ನಮ್ಮ ದೇಶದ ಸಾಮಾನ್ಯ ಕೊಳಚೆಯಲ್ಲಿ ಲೀಟರಿಗೆ ಸುಮಾರು 50 ಮಿಲಿಗ್ರಾಂ ಸಾರಜನಕವಿರುತ್ತದೆ. ಅದರಲ್ಲಿ ಐದನೇ ಒಂದು ಪಾಲು ಸೂಕ್ಷ್ಮಜೀವಿಗಳ ಮೈಸೇರಿ ಸ್ಲಡ್ಜ್ ಆಗಬಹುದು. ಉಳಿದದ್ದು ಕೆರೆಗೆ ಹೋದರೆ ಪಾಚಿಗೂ ಜಲಕಳೆಗೂ ಗೊಬ್ಬರ. ನೆಲಕ್ಕಿಳಿದರೆ ಕೊಳವೆಬಾವಿಗೆ ಸೇರುವ ನೈಟ್ರೇಟ್. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಿ ನೈಟ್ರೇಟ್ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ, ಏಕೆಂದರೆ ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಏರಲಿ ಎಂಬುದೇ ಆ ಯೋಜನೆಯ ಉದ್ದೇಶವಾದ್ದರಿಂದ, ನೀರಿನ ಜೊತೆಗೆ ಏನು ನೆಲಕ್ಕಿಳಿಯುತ್ತದೆ ಎಂಬುದು ಅಲ್ಲಿನವರ ಬಾಯಿಗೆ ಸಂಬಂಧಿಸಿದ ಪ್ರಶ್ನೆ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಟ್ಟು ಸಾರಜನಕಕ್ಕೆ ಲೀಟರಿಗೆ 10 ಮಿಲಿಗ್ರಾಂ ಎಂಬ ಮಿತಿ ಹೇಳಿದ್ದು ಇಂಥ ಕಾರಣಗಳಿಗಾಗಿಯೇ.

ಇಲ್ಲಿ ಆ ಜಾಡಿಯ ಗುಳ್ಳೆಗಳು ನೆರವಿಗೆ ಬರುತ್ತವೆ. ಗಾಳಿ ನಿಂತ ನೀರಿನಲ್ಲಿ ಕರಗಿದ ಆಮ್ಲಜನಕ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆಗ ಒಂದು ವರ್ಗದ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ನಿದ್ದೆಗೂ ಹೋಗುವುದಿಲ್ಲ. ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಂಡು ಉಸಿರಾಡುತ್ತವೆ. ಆಮ್ಲಜನಕ ಕಳಕೊಂಡ ಸಾರಜನಕ ಗುಳ್ಳೆಯಾಗಿ ಮೇಲೇಳುತ್ತದೆ. ಇದು ಜೀವಿಗಳ ಕೆಲಸವೆಂದು 1880ರ ದಶಕದಲ್ಲೇ ಫ್ರಾನ್ಸಿನ ಗಯೋಂ ಮತ್ತು ದ್ಯುಪೆತಿ ತೋರಿಸಿದ್ದರು. ಆದರೆ ಉಸಿರಾಟ ಎಂದರೆ ತಿಂದದ್ದನ್ನು ಸುಡುವುದು. ಸುಡಲು ಏನಾದರೂ ಇರಬೇಕು. ನೈಟ್ರೇಟ್ ಎಷ್ಟೇ ಇರಲಿ, ಹೊಟ್ಟೆಗೆ ಇಂಗಾಲ ಬೀಳದಿದ್ದರೆ ಉಸಿರೂ ನಡೆಯುವುದಿಲ್ಲ. ಏರೇಶನ್ ಟ್ಯಾಂಕಿನಲ್ಲಿ ಗಂಟೆಗಟ್ಟಲೆ ಗಾಳಿ ಊದಿ ನಾವು ಮಾಡಿದ್ದೇ ಆ ಇಂಗಾಲವನ್ನು ಖಾಲಿ ಮಾಡುವ ಕೆಲಸ. ನೈಟ್ರೇಟ್ ತಯಾರಾಗುವ ಹೊತ್ತಿಗೆ ನೀರಿನಲ್ಲಿ ತಿನ್ನುವಂಥದ್ದು ಏನೂ ಉಳಿದಿರುವುದಿಲ್ಲ. ಜಾಡಿಯ ತಳದಲ್ಲಿದ್ದ ಜೀವಿಗಳು ತಮ್ಮ ಮೈಯೊಳಗಿನ ಕೂಡಿಟ್ಟ ಸಾರವನ್ನೇ, ಸತ್ತ ನೆರೆಯವುಗಳ ದೇಹವನ್ನೇ ಕರಗಿಸಿಕೊಂಡು ನೈಟ್ರೇಟ್ ಉಸಿರಾಡುತ್ತಿದ್ದವು. ಅದಕ್ಕೇ ಅಷ್ಟು ನಿಧಾನ.

ಎಂಜಿನಿಯರುಗಳು ಇದಕ್ಕೆ ಜಾಣ ದಾರಿಯೊಂದನ್ನು ಕಂಡುಕೊಂಡರು. ಗಾಳಿಯಿಲ್ಲದ ಟ್ಯಾಂಕನ್ನು ಮುಂಚೆ ಇಟ್ಟು, ಹೊಸ ಕೊಳಚೆಯನ್ನು ಮೊದಲು ಅದಕ್ಕೇ ಬಿಡುವುದು. ಕೊನೆಯ ಟ್ಯಾಂಕಿನ ನೈಟ್ರೇಟ್ ನೀರನ್ನು ಪಂಪು ಮಾಡಿ ಅಲ್ಲಿಗೇ ತಿರುಗಿಸುವುದು. ಕೊಳಚೆಯ ಇಂಗಾಲ, ಹಿಂದಿನಿಂದ ಬಂದ ನೈಟ್ರೇಟ್ ಎರಡೂ ಒಂದೇ ಕಡೆ ಸೇರುತ್ತವೆ. 1962ರಲ್ಲಿ ಲುಡ್ಜಾಕ್ ಮತ್ತು ಎಟಿಂಗರ್ ಇದರ ಮೊದಲ ರೂಪ ಕೊಟ್ಟರು. ಎಪ್ಪತ್ತರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕದ ಜೇಮ್ಸ್ ಬರ್ನಾರ್ಡ್ ಅದನ್ನು ತಿದ್ದಿ ಇಂದಿನ ರೂಪಕ್ಕೆ ತಂದರು. ಆದರೂ ಒಂದು ಮಿತಿ ಉಳಿಯಿತು. ಬಂದ ನೀರಿನ ನಾಲ್ಕು ಪಟ್ಟನ್ನು ತಿರುಗಿಸಿದರೂ ಐದನೇ ಒಂದು ಪಾಲು ನೈಟ್ರೇಟ್ ಕೈತಪ್ಪಿ ಹೊರಗೆ ಹೋಗುತ್ತದೆ. ಅಷ್ಟನ್ನೂ ಹಿಡಿಯಬೇಕೆಂದರೆ, ಇಲ್ಲವೇ ಬರುವ ಕೊಳಚೆಯೇ ತೆಳುವಾಗಿದ್ದರೆ, ಹೊರಗಿನಿಂದ ಇಂಗಾಲ ಉಣಿಸಬೇಕು.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಬ್ಲೂ ಪ್ಲೇನ್ಸ್ ಸ್ಥಾವರ ಇದಕ್ಕೆ ಮೆಥನಾಲ್ ಬಳಸುತ್ತದೆ. ಬೇರೆ ಅನೇಕ ದೊಡ್ಡ ಸ್ಥಾವರಗಳದ್ದೂ ಇದೇ ದಾರಿ. ಒಂದು ಕಿಲೋ ಸಾರಜನಕ ತೆಗೆಯಲು ಸುಮಾರು ಮೂರು ಕಿಲೋ ಮೆಥನಾಲ್ ಬೇಕು. ಅದು ಬಹುಪಾಲು ನೈಸರ್ಗಿಕ ಅನಿಲದಿಂದ ಬರುವ ವಿಷಕಾರಿ ದ್ರವ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಎಲ್ಲ ಬ್ಯಾಕ್ಟೀರಿಯಾಗಳೂ ಅದನ್ನು ತಿನ್ನಲಾರವು. ತಿನ್ನಬಲ್ಲ ವಿಶೇಷ ತಳಿಗಳು ಬೆಳೆದು ನಿಲ್ಲಲು ವಾರಗಳು ಬೇಕು. ನಮ್ಮ ಆಪರೇಟರುಗಳ ಕೈಯಲ್ಲಿ ಇದಕ್ಕಿಂತ ಸೌಮ್ಯವಾದ ಮದ್ದಿದೆ, ಬೆಲ್ಲ. ಹೊಸ ಎಸ್‌ಟಿಪಿ ಶುರು ಮಾಡುವಾಗ, ಅರ್ಧಕ್ಕರ್ಧ ಮನೆಗಳು ಖಾಲಿಯಿದ್ದು ಕೊಳಚೆ ಸಾಲದಿರುವಾಗ, ಯಾರೋ ಆಸಿಡ್ ಸುರಿದು ಸ್ಲಡ್ಜ್ ಸತ್ತುಹೋದಾಗ, ಸಗಣಿ ಕದಡಿ ಬೆಲ್ಲ ಕರಗಿಸಿ ಹಾಕುವುದು ಈ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಅದರ ಹಿಂದಿನ ತಿಳಿವಳಿಕೆ ಸರಿಯಾದದ್ದೇ. ಆದರೆ ಜನ ತಿನ್ನಬಹುದಾದ ಬೆಲ್ಲವನ್ನು ದಿನಾ ಟ್ಯಾಂಕಿಗೆ ಸುರಿಯಬೇಕಾದ ಅಗತ್ಯ, ಮಗ್ಗುಲಲ್ಲೇ ಅನ್ನ ಹಳಸುತ್ತಿರುವ ಕಟ್ಟಡಕ್ಕೆ ಇಲ್ಲ.

2016ರ ಘನತ್ಯಾಜ್ಯ ನಿಯಮಗಳು 5,000 ಚದರ ಮೀಟರಿಗಿಂತ ದೊಡ್ಡ ವಸತಿ ಸಮುಚ್ಚಯಗಳಿಗೆ, ಸಾಧ್ಯವಾದಷ್ಟೂ ತಮ್ಮ ಹಸಿ ಕಸವನ್ನು ತಮ್ಮ ಆವರಣದಲ್ಲೇ ಸಂಸ್ಕರಿಸಿ ಎಂದವು. ಹಾಗಾಗಿ ಒಂದೇ ಬೇಸ್‌ಮೆಂಟಿನಲ್ಲಿ ಒಂದು ಕಡೆ ಎಸ್‌ಟಿಪಿ, ಇನ್ನೊಂದು ಕಡೆ ಗೊಬ್ಬರದ ಯಂತ್ರ ಬಂದು ಕುಳಿತವು. ಎರಡಕ್ಕೂ ಬೇರೆ ಬೇರೆ ಗುತ್ತಿಗೆದಾರರು, ಬೇರೆ ಬೇರೆ ಲಾಗ್‌ಬುಕ್ಕು. ಗೊಬ್ಬರದ ಕಡೆಯವರ ದೊಡ್ಡ ದೂರು ಕಸದಲ್ಲಿ ನೀರು ಜಾಸ್ತಿ ಎಂಬುದು. ಅಡುಗೆಮನೆಯ ಹಸಿ ಕಸದ ಮುಕ್ಕಾಲು ಭಾಗಕ್ಕೂ ಮೀರಿ ನೀರೇ. ಅನ್ನ, ಸಾರು, ಹಣ್ಣಿನ ಸಿಪ್ಪೆ, ನೆನೆದ ಕಾಫಿ ಚರಟ ಎಲ್ಲ ಸೇರಿ ಸುರಿಯುವ ಹುಳಿ ನೀರು ನೆಲದ ಮೇಲೆ ಹರಿದು ನೊಣ ತರುತ್ತದೆ. ಎಸ್‌ಟಿಪಿಯ ಕಡೆಯವರಿಗೆ ಬೇಕಾದದ್ದು ಬಹುಮಟ್ಟಿಗೆ ಆ ಹುಳಿ ನೀರೇ.

ಹುಳಿಯೇ ಏಕೆ, ಹಾಗೇ ರುಬ್ಬಿ ಸುರಿದರೆ ಆಗದೇ? ಅನ್ನದ ಪಿಷ್ಟ, ಬೇಳೆಯ ಪ್ರೋಟೀನು, ತರಕಾರಿಯ ನಾರು, ಇವೆಲ್ಲ ಬ್ಯಾಕ್ಟೀರಿಯಾದ ಬಾಯಿಗೆ ಹಿಡಿಯದಷ್ಟು ದೊಡ್ಡ ಅಣುಗಳು. ಅವನ್ನು ಮೊದಲು ಕತ್ತರಿಸಬೇಕು. ಆ ಕೆಲಸ ಗಾಳಿಯಿಲ್ಲದ ಟ್ಯಾಂಕಿನಲ್ಲಿ ನಡೆಯುವಷ್ಟು ಹೊತ್ತು ನೀರು ಅಲ್ಲಿ ನಿಲ್ಲುವುದಿಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನಲ್ಲಿ ಬೆಳಗಾಗುವುದರೊಳಗೆ ನಡೆಯುವಂಥದೇ ಕೆಲಸವನ್ನು ಇಲ್ಲಿ ಬೇರೆ ತೊಟ್ಟಿಯಲ್ಲಿ, ಇನ್ನೂ ಕೆಲವು ದಿನ ಮುಂದುವರಿಸಬೇಕು. ಇಡ್ಲಿ ಹಿಟ್ಟನ್ನು ಉಬ್ಬಿಸಿ ಹುಳಿ ಮಾಡುವುದು ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು, ಅವು ಕೊಡುವುದು ಹೆಚ್ಚಾಗಿ ಲ್ಯಾಕ್ಟಿಕ್ ಆಮ್ಲ. ಹಸಿ ಕಸವನ್ನು ನೀರಿನಲ್ಲಿ ಕಲಸಿ ಗಾಳಿಯಾಡದಂತೆ ಬಿಟ್ಟಾಗಲೂ ಮೊದಲು ಬರುವುದು ಅದೇ. ಪಿಎಚ್ 4ರ ಹತ್ತಿರ ಇಳಿಯುತ್ತದೆ, ಕೆಲಸ ಅಲ್ಲಿಗೇ ನಿಂತಂತಾಗುತ್ತದೆ. ಸ್ವಲ್ಪ ಸುಣ್ಣವನ್ನೋ, ಎಸ್‌ಟಿಪಿಯ ಸ್ಲಡ್ಜನ್ನೋ ಬೆರೆಸಿ ಪಿಎಚ್ ಅನ್ನು 6ರ ಆಸುಪಾಸು ಹಿಡಿದಿಟ್ಟರೆ ಹುದುಗುವಿಕೆ ಮುಂದುವರಿದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು ಕೂಡಿಕೊಳ್ಳುತ್ತವೆ. ಮೊದಲನೆಯದು ವಿನೆಗರ್ ಎಂದು ನಮಗೆ ಗೊತ್ತಿರುವ ಆಮ್ಲ. ಕೊನೆಯದರ ವಾಸನೆ ಕೆಟ್ಟ ಬೆಣ್ಣೆಯದು, ಮುಚ್ಚಳ ಭದ್ರವಾಗಿರಲೇಬೇಕು. ಹೀಗೆಯೇ ವಾರಗಟ್ಟಲೆ ಬಿಟ್ಟರೆ ಮಿಥೇನ್ ಮಾಡುವ ಜೀವಿಗಳು ತಲೆಯೆತ್ತಿ ಈ ಆಮ್ಲಗಳನ್ನೂ ತಿಂದು ಅನಿಲ ಮಾಡಿಬಿಡುತ್ತವೆ. ಹಾಗಾಗಿ ಮೂರರಿಂದ ಐದು ದಿನ ಹದ. ನಮ್ಮ ಹವೆಗೆ ತೊಟ್ಟಿಯನ್ನು ಕಾಯಿಸುವ ಖರ್ಚೂ ಇಲ್ಲ.

ಈ ಚಿಕ್ಕ ಆಮ್ಲಗಳು ನೈಟ್ರೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳ ಒಳಗೆ ನೇರವಾಗಿ ಹೋಗುತ್ತವೆ. ಸಕ್ಕರೆ ಹಾಕಿದಾಗ ಅವು ಅದರಲ್ಲಿ ಹೆಚ್ಚಿನ ಪಾಲನ್ನು ಮೈ ಬೆಳೆಸಲು ಬಳಸುತ್ತವೆ, ಹೊರಹಾಕಬೇಕಾದ ಸ್ಲಡ್ಜ್ ಹೆಚ್ಚುತ್ತದೆ. ಅಸಿಟಿಕ್ ಆಮ್ಲ ಹಾಕಿದಾಗ ಉಸಿರಾಟದ ಪಾಲು ಹೆಚ್ಚು. ಆಹಾರ ಸಾಕಷ್ಟಿದ್ದರೆ ಇನ್ನೊಂದು ಒಳ್ಳೆಯದೂ ಆಗುತ್ತದೆ. ನೈಟ್ರೇಟಿನಿಂದ ಸಾರಜನಕದವರೆಗಿನ ದಾರಿಯಲ್ಲಿ ನೈಟ್ರಸ್ ಆಕ್ಸೈಡ್ ಎಂಬ ನಿಲ್ದಾಣವಿದೆ. ಅರೆಹೊಟ್ಟೆಯ ಜೀವಿಗಳು ಅನೇಕ ಸಲ ಅಲ್ಲಿಯೇ ಕೈಬಿಡುತ್ತವೆ. ಆ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ. ಜೊತೆಗೆ ರಂಜಕದ ಲಾಭ. ಬರ್ನಾರ್ಡ್ ತಮ್ಮ ಪ್ರಯೋಗ ಸ್ಥಾವರದಲ್ಲಿ ಸಾರಜನಕ ತೆಗೆಯಲು ಹೊರಟು, ರಂಜಕವೂ ಮಾಯವಾಗುತ್ತಿರುವುದನ್ನು ಕಂಡಿದ್ದರು. ಅದನ್ನು ಮೈಯೊಳಗೆ ತುಂಬಿಕೊಳ್ಳುವ ಜೀವಿಗಳಿಗೆ ಬಲು ಇಷ್ಟದ ಆಹಾರ ಇದೇ ಅಸಿಟಿಕ್ ಮತ್ತು ಪ್ರೊಪಿಯಾನಿಕ್ ಆಮ್ಲಗಳು. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ಕಂಡ ಊರಿನಲ್ಲಿ ರಂಜಕದ ಮಾತನ್ನು ಸಣ್ಣದೆಂದು ತಳ್ಳಿಹಾಕಲಾಗದು.

ಇದು ಕಾಗದದ ಮೇಲಿನ ಕಲ್ಪನೆಯಾಗಿ ಉಳಿದಿಲ್ಲ. ಎಂಬತ್ತರ ದಶಕದಲ್ಲಿ ವೆನಿಸ್ ನಗರದ ಸುತ್ತಲಿನ ಹಿನ್ನೀರು ಪಾಚಿಯಿಂದ ತುಂಬಿಹೋಗಿತ್ತು. ಆ ಹಿನ್ನಾಡಿನ ಊರುಗಳ ಕೊಳಚೆಯಿಂದ ಸಾರಜನಕ, ರಂಜಕ ಎರಡನ್ನೂ ತೆಗೆಯಬೇಕಾದ ಒತ್ತಡ ಹುಟ್ಟಿತು. ಫ್ರಾಂಕೊ ಚೆಕ್ಕಿ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ, ಮನೆಗಳಲ್ಲಿ ಬೇರ್ಪಡಿಸಿದ ಹಸಿ ಕಸವನ್ನು ಹುದುಗಿಸಿ, ಆ ಆಮ್ಲಗಳಿಂದ ಕೊಳಚೆ ಶುದ್ಧೀಕರಣದ ಜೀವಿಗಳನ್ನು ಪೋಷಿಸುವುದು ಹೇಗೆಂದು ವ್ಯವಸ್ಥಿತವಾಗಿ ಅಧ್ಯಯನ ಮಾಡಿದರು. ತ್ರೆವೀಸೊ ಪಟ್ಟಣದ ಸ್ಥಾವರದಲ್ಲಿ ಹಸಿ ಕಸವನ್ನೂ ಕೊಳಚೆಯ ಸ್ಲಡ್ಜನ್ನೂ ಒಂದೇ ಸೂರಿನಡಿ ತಂದರು. ಕಸದ ಇಲಾಖೆ, ಕೊಳಚೆ ಇಲಾಖೆ ಎಂದು ಬೇರೆಯಾಗಿದ್ದ ಎರಡು ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆದದ್ದು ಅವರ ದೊಡ್ಡ ಕೆಲಸ ಎಂದು ನನಗನಿಸುತ್ತದೆ.

ಅದೇ ಕಸವನ್ನು ಬೇರೆ ಬಾಗಿಲಿನಿಂದ ಒಳಬಿಟ್ಟರೆ ಫಲವೂ ಬೇರೆ. ಅಮೆರಿಕದ ಓಕ್ಲೆಂಡಿನ ಸ್ಥಾವರದ ಕಥೆ ಅದಕ್ಕೆ ಉದಾಹರಣೆ. ಅಲ್ಲಿ ಹಿಂದೆ ಹಣ್ಣು ತರಕಾರಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವು. ಅವು ಮುಚ್ಚಿದ ಮೇಲೆ ಸ್ಥಾವರದ ಡೈಜೆಸ್ಟರುಗಳಲ್ಲಿ, ಅಂದರೆ ಗಾಳಿಯಾಡದಂತೆ ಸ್ಲಡ್ಜ್ ಕೊಳೆಸುವ ತೊಟ್ಟಿಗಳಲ್ಲಿ, ಜಾಗ ಉಳಿಯಿತು. ಹೋಟೆಲುಗಳ ಉಳಿಕೆ ಆಹಾರ, ಜಿಡ್ಡು, ಆಹಾರ ಕಾರ್ಖಾನೆಗಳ ತ್ಯಾಜ್ಯ ಎಲ್ಲವನ್ನೂ ಲಾರಿಗಳಲ್ಲಿ ತರಿಸಿ ಮಿಥೇನ್ ಮಾಡಿ ವಿದ್ಯುತ್ ಉತ್ಪಾದಿಸಿದರು. 2012ರಲ್ಲಿ, ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ಮಾಡುವ ಉತ್ತರ ಅಮೆರಿಕದ ಮೊದಲ ಕೊಳಚೆ ಸ್ಥಾವರ ಎಂಬ ಹೆಸರು ಅದಕ್ಕೆ ಬಂತು. ಮೆಚ್ಚಲೇಬೇಕಾದ ಸಾಧನೆ. ಆದರೆ ಮಿಥೇನ್ ದಾರಿ ಇಂಗಾಲವನ್ನು ಅನಿಲವಾಗಿ ಕೊಂಡೊಯ್ದು, ಆಹಾರದ ಪ್ರೋಟೀನಿನಲ್ಲಿದ್ದ ಸಾರಜನಕವನ್ನು ಅಮೋನಿಯಾ ಆಗಿ ನೀರಿನಲ್ಲೇ ಬಿಟ್ಟುಹೋಗುತ್ತದೆ. ಉಸಿರಾಡಬೇಕಾದದ್ದು ಹೆಚ್ಚಿತು, ತಿನ್ನಬೇಕಾದದ್ದು ಕಡಿಮೆಯಾಯಿತು. 2022ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಕೆಂಗಂದು ಪಾಚಿ ಹಬ್ಬಿ ಮೀನುಗಳು ರಾಶಿರಾಶಿಯಾಗಿ ಸತ್ತ ಮೇಲೆ, ಕೊಲ್ಲಿಯ ಸುತ್ತಲಿನ ಎಲ್ಲ ಕೊಳಚೆ ಸ್ಥಾವರಗಳ ಸಾರಜನಕದ ಮೇಲೆ ಕಣ್ಣು ಬಿತ್ತು. ಹಸಿ ಕಸವನ್ನು ವಿದ್ಯುತ್ ಮಾಡಬೇಕೋ, ಸಾರಜನಕ ಕಳೆಯುವ ಆಹಾರ ಮಾಡಬೇಕೋ ಎಂಬುದು ಸ್ಥಾವರದ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತ ತೀರ್ಮಾನ. ಕೆರೆಗೋ ಅಂತರ್ಜಲಕ್ಕೋ ಹೋಗುವಲ್ಲಿ ಎರಡನೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ. ನೀರೆಲ್ಲ ತೋಟಕ್ಕೇ ಹೋಗುವುದಾದರೆ ನೈಟ್ರೇಟನ್ನು ತೆಗೆಯುವ ಅಗತ್ಯವೇ ಇಲ್ಲ, ಗಿಡಗಳಿಗೆ ಅದು ಗೊಬ್ಬರ. ಫೌಲರ್ ತಮ್ಮ ಕೊನೆಯ ದಶಕಗಳಲ್ಲಿ ಒತ್ತಿ ಹೇಳಿದ್ದೂ ಸಾರಜನಕವನ್ನು ಉಳಿಸಿಕೊಳ್ಳುವ ಈ ಮಾತನ್ನೇ. ಆದರೆ ಅಪಾರ್ಟ್‌ಮೆಂಟಿನ ಹುಲ್ಲುಹಾಸು ಕುಡಿಯುವ ನೀರು ಎಷ್ಟು? ಬಹುಪಾಲು ಚರಂಡಿಗೇ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಇನ್ನೂರು ಮನೆ, ಮನೆಗೆ ನಾಲ್ವರಂತೆ 800 ಜನ ಎಂದಿಟ್ಟುಕೊಳ್ಳಿ. ತಲೆಗೆ 135 ಲೀಟರ್ ನೀರು, ಅದರ ಶೇ. 80 ಕೊಳಚೆ, ಒಟ್ಟು ದಿನಕ್ಕೆ ಸುಮಾರು 86 ಸಾವಿರ ಲೀಟರ್. ಲೀಟರಿಗೆ 40 ಮಿಲಿಗ್ರಾಂ ಇರುವ ನೈಟ್ರೇಟ್ ರೂಪದ ಸಾರಜನಕವನ್ನು 10ಕ್ಕೆ ಇಳಿಸಬೇಕಾದರೆ ದಿನಕ್ಕೆ ತೆಗೆಯಬೇಕಾದದ್ದು 2.6 ಕಿಲೋ. ಕಿಲೋ ಸಾರಜನಕಕ್ಕೆ, ಆಹಾರದ ಅಳತೆಯಾದ ಸಿಒಡಿ ಲೆಕ್ಕದಲ್ಲಿ ಐದು ಕಿಲೋ ಎಂದು ಧಾರಾಳವಾಗಿ ಹಿಡಿದರೆ 13 ಕಿಲೋ ಬೇಕು. ಈಗ ಇನ್ನೊಂದು ಕೋಣೆ. ಮನೆಗೆ ಅರ್ಧ ಕಿಲೋದಂತೆ 100 ಕಿಲೋ ಹಸಿ ಕಸ. ನೀರು ಕಳೆದರೆ 20ರಿಂದ 25 ಕಿಲೋ ಒಣ ಪದಾರ್ಥ, ಅದರ ಸಿಒಡಿ 25ರಿಂದ 30 ಕಿಲೋ. ಹುದುಗಿಸಿದಾಗ ಅದರಲ್ಲಿ ಐದನೇ ಎರಡು ಪಾಲು ಕರಗಿ ನೀರಿಗೆ ಬಂದರೆ 10ರಿಂದ 12 ಕಿಲೋ. ಬೇಕಾದದ್ದೂ ಇರುವುದೂ ಹೆಚ್ಚುಕಡಿಮೆ ಸರಿಹೊಂದುತ್ತವೆ. ಕಸದಲ್ಲೂ ಒಂದಿಷ್ಟು ಸಾರಜನಕವಿದೆ, ಅದರಲ್ಲಿ ಕಾಲು ಕಿಲೋದಷ್ಟು ದ್ರವಕ್ಕೆ ಬರಬಹುದು, ಅದನ್ನು ಕಳೆದರೂ ವ್ಯವಹಾರ ಲಾಭದಲ್ಲೇ ಇರುತ್ತದೆ. ತೊಟ್ಟಿ ಎಷ್ಟು ದೊಡ್ಡದು? ಕಸಕ್ಕೆ ಅಷ್ಟೇ ನೀರು ಬೆರೆಸಿ ನಾಲ್ಕು ದಿನ ಇಡಲು ಸಾವಿರ ಲೀಟರಿನ ಒಂದು ಟ್ಯಾಂಕ್ ಸಾಕು. ಹಿಂಡಿ ಉಳಿದ ಗಟ್ಟಿ ಭಾಗ ಗೊಬ್ಬರದ ಕಡೆಗೆ, ಅರ್ಧ ಹಗುರಾಗಿ, ಸೋರುವ ನೀರಿಲ್ಲದೆ ಹೋಗುತ್ತದೆ. ವಿದ್ಯುತ್ತಿನ ಉಳಿತಾಯವೂ ಸೇರುತ್ತದೆ. ಒಂದು ಕಿಲೋ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಕಿಲೋ ಆಮ್ಲಜನಕ ಊದಬೇಕು. ಅದೇ ನೈಟ್ರೇಟನ್ನು ಉಸಿರಾಡಿಸಿದಾಗ 2.86 ಕಿಲೋ ಆಮ್ಲಜನಕದಷ್ಟು ಕೆಲಸ ಬಿಟ್ಟಿಯಾಗಿ ವಾಪಸು ಸಿಗುತ್ತದೆ. ಆದರೆ ನಾವು ಹಾಕುವ ಹುಳಿ ನೀರು ನೈಟ್ರೇಟ್ ಇಲ್ಲದ ಕಡೆ, ಗಾಳಿಯಿರುವ ಕಡೆ ಬಿದ್ದರೆ ಈ ಲಾಭವೆಲ್ಲ ತಿರುಗುಮುರುಗಾಗಿ ಬ್ಲೋವರಿಗೆ ಹೆಚ್ಚಿನ ಹೊರೆಯಾಗುತ್ತದೆ.

ಹಾಗಾಗಿ ಎಲ್ಲಿ, ಯಾವಾಗ ಎಂಬುದೇ ಮುಖ್ಯ. ನಮ್ಮ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಗಾಳಿಯಿಲ್ಲದ ಟ್ಯಾಂಕೇ ಇರುವುದಿಲ್ಲ. ಅಲ್ಲಿ ಬ್ಲೋವರನ್ನು ಗಂಟೆ ನಡೆಸಿ ಗಂಟೆ ನಿಲ್ಲಿಸುವ ಟೈಮರ್ ಹಾಕಿ, ನಿಂತ ಹೊತ್ತಿನಲ್ಲಿ ಸ್ಲಡ್ಜ್ ತಳಕ್ಕೆ ಕೂರದಂತೆ ಮೆಲ್ಲಗೆ ಕಲಕುತ್ತ, ಹುಳಿ ನೀರನ್ನು ಸಣ್ಣ ಪಂಪಿನಿಂದ ಬಿಡಬೇಕು. ಎಷ್ಟು ಬಿಡಬೇಕೆಂದು ನೈಟ್ರೇಟ್ ಅಳೆಯುವ ಕಾಗದದ ಪಟ್ಟಿ ಹೇಳುತ್ತದೆ. ನೈಟ್ರೇಟ್ ಮುಗಿದ ಮೇಲೂ ಬಿಟ್ಟರೆ ಹೊರಹೋಗುವ ನೀರಿನಲ್ಲಿ ಸಿಒಡಿ ಏರುತ್ತದೆ. ಏರೇಶನ್ ಟ್ಯಾಂಕಿಗೆ ಹುಳಿ ನೀರು ಸೇರುತ್ತಲೇ ಇದ್ದರೆ ಥಿಯೊಥ್ರಿಕ್ಸ್‌ನಂಥ ದಾರದ ಬ್ಯಾಕ್ಟೀರಿಯಾಗಳು ಬೆಳೆದು, ಜಾಡಿಯಲ್ಲಿ 300ಕ್ಕೆ ಕೂರಬೇಕಾದ ಸ್ಲಡ್ಜ್ 900ರಲ್ಲೇ ಹತ್ತಿಯಂತೆ ನಿಲ್ಲುತ್ತದೆ. ಒಗ್ಗರಣೆಯ, ಕರಿದ ತಿಂಡಿಯ ಎಣ್ಣೆ ಬಂದರೆ ಮೈಕ್ರೊಥ್ರಿಕ್ಸ್ ಎಂಬ ಇನ್ನೊಂದು ದಾರದ ಜೀವಿಗೆ ಹಬ್ಬ, ಟ್ಯಾಂಕಿನ ಮೇಲೆ ದಪ್ಪ ಕಂದು ನೊರೆ. ಎಣ್ಣೆಯನ್ನು ತೊಟ್ಟಿಯ ಮೇಲಿನಿಂದ ಕೆನೆ ತೆಗೆದಂತೆ ತೆಗೆಯುವುದನ್ನು ತಪ್ಪಿಸುವಂತಿಲ್ಲ. ಇನ್ನು ಪ್ಲಾಸ್ಟಿಕ್ ಚೂರು, ಔಷಧಿ, ಡೈಪರ್ ಸೇರಿದ ಕಸದಿಂದ ಈ ಕೆಲಸ ಸಾಧ್ಯವೇ ಇಲ್ಲ. ಮನೆಯೊಳಗೆ ಸರಿಯಾಗಿ ಬೇರ್ಪಡಿಸುವ ಕೈಯಿಂದಲೇ ಇದೆಲ್ಲ ಶುರು.

ಎಲ್ಲಕ್ಕಿಂತ ಮೇಲೆ ಒಂದು ಎಚ್ಚರಿಕೆಯನ್ನು ದೊಡ್ಡ ದನಿಯಲ್ಲಿ ಹೇಳಬೇಕು. ಹುದುಗುವ ತೊಟ್ಟಿಯಿಂದ ಕಾರ್ಬನ್ ಡೈಆಕ್ಸೈಡ್, ಜಲಜನಕ, ಪ್ರೋಟೀನು ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಬರುತ್ತವೆ. ಗಾಳಿಯಾಡದ ಬೇಸ್‌ಮೆಂಟಿನಲ್ಲಿ ಇವು ಜೀವ ತೆಗೆಯುವ ಅನಿಲಗಳು. ಕೊಳಚೆ ಟ್ಯಾಂಕಿಗೆ ಇಳಿದ ಕಾರ್ಮಿಕರು, ಅವರನ್ನು ಎತ್ತಲು ಹೋದವರು ಒಬ್ಬರ ಹಿಂದೊಬ್ಬರು ಸತ್ತ ಸುದ್ದಿಗಳನ್ನು ನಮ್ಮ ನಗರಗಳು ಮತ್ತೆ ಮತ್ತೆ ಓದಿವೆ. 2013ರ ಕಾಯ್ದೆ ಸುರಕ್ಷತೆಯಿಲ್ಲದೆ ಮನುಷ್ಯರನ್ನು ಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸುವುದನ್ನು ಅಪರಾಧವೆಂದಿದೆ. ಹುಳಿ ತೊಟ್ಟಿಯನ್ನು ಬಯಲಿನಲ್ಲಿ, ನೆಲದ ಮೇಲೆ, ಅನಿಲ ಹೊರಹೋಗುವ ಕೊಳವೆಯೊಂದಿಗೆ, ಯಾರೂ ಒಳಗಿಳಿಯದೆ ತೊಳೆಯಬಹುದಾದ ಹಾಗೆ ಇಡಲು ಜಾಗವಿಲ್ಲದ ಕಟ್ಟಡ ಈ ಯೋಚನೆಯನ್ನೇ ಬಿಡಲಿ. ಲೀಟರಿಗೆ ಮೂವತ್ತು ಮಿಲಿಗ್ರಾಂ ಸಾರಜನಕಕ್ಕಾಗಿ ಯಾರ ಮನೆಯ ಮಗನನ್ನೂ ಅಪಾಯಕ್ಕೆ ಒಡ್ಡುವಂತಿಲ್ಲ.

ಜಾಗವಿರುವ ಕಡೆ ಹುಳಿ ನೀರಿಗೆ ಇನ್ನೊಂದು ಗುಣವಿದೆ, ಅದು ಬೆಂಗಳೂರಿನ ದಿನಚರಿಗೆ ಚೆನ್ನಾಗಿ ಹೊಂದುತ್ತದೆ. ಇಲ್ಲಿನ ಕಸ ಮತ್ತು ಕೊಳಚೆ ಒಟ್ಟಿಗೆ ಏರಿಳಿಯುವುದಿಲ್ಲ. ಯುಗಾದಿಯ ದಿನ ಹೋಳಿಗೆ, ಚಿತ್ರಾನ್ನ, ಬಾಳೆಲೆ ಸೇರಿ ಡಬ್ಬಗಳು ತುಂಬಿ ತುಳುಕುತ್ತವೆ. ದಸರಾ ರಜೆಗೆ, ದೀಪಾವಳಿಯ ಸಾಲು ರಜೆಗೆ ಅರ್ಧ ಕಟ್ಟಡ ಊರಿಗೆ ಹೋಗಿ, ಟ್ಯಾಂಕಿಗೆ ಬರುವ ಕೊಳಚೆ ತೆಳ್ಳಗಾಗುತ್ತದೆ, ಸ್ಲಡ್ಜ್ ಸೊರಗುತ್ತದೆ. ಆಪರೇಟರುಗಳು ಬೆಲ್ಲ ಕೊಡಿಸಿ ಎಂದು ಸಂಘದ ಕಾರ್ಯದರ್ಶಿಯ ಬಳಿ ಹೋಗುವುದು ಆಗಲೇ. ಹಸಿ ಕಸವನ್ನು ಹಾಗೆಯೇ ಇಟ್ಟುಕೊಳ್ಳಲಾಗದು. ಆದರೆ ಅದರಿಂದ ಹಿಂಡಿದ ದ್ರವವನ್ನು ಪಿಎಚ್ 4ರ ಹತ್ತಿರ ಇಳಿಯಲು ಬಿಟ್ಟು ಮುಚ್ಚಿದ ಡ್ರಮ್ಮುಗಳಲ್ಲಿ ತುಂಬಿದರೆ, ಆ ಹುಳಿಯಲ್ಲಿ ಮಿಥೇನ್ ಮಾಡುವ ಜೀವಿಗಳು ತಲೆಯೆತ್ತಲಾರವು, ಆಹಾರ ಹೆಚ್ಚು ನಷ್ಟವಾಗದೆ ಉಳಿಯುತ್ತದೆ. ಹಬ್ಬದ ಹಿಂದಿನ ವಾರ ಎರಡು ಡ್ರಮ್ ತುಂಬಿಟ್ಟ ಆಪರೇಟರಿಗೆ ರಜೆಯ ವಾರದಲ್ಲಿ ಬೆಲ್ಲದ ಚೀಟಿ ಬರೆಯುವ ಕೆಲಸವಿಲ್ಲ. ಮೊದಲ ದಿನ ಹತ್ತು ಲೀಟರಿನಿಂದ ಶುರು ಮಾಡಿ, ಸಂಜೆ ಜಾಡಿಯನ್ನೂ ನೈಟ್ರೇಟ್ ಪಟ್ಟಿಯನ್ನೂ ನೋಡಿ, ಮರುದಿನದ ಅಳತೆಯನ್ನು ಲಾಗ್‌ಬುಕ್ಕಿನಲ್ಲಿ ಬರೆದುಕೊಂಡರಾಯಿತು.